ಕಾಲೇಜಿನ ಶುಲ್ಕವನ್ನು ಯಾರು ಕಟ್ಟಬೇಕು?

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರದ ಕಚೇರಿಯ ಮುಂದೆ ಪಾಲಕರ ಸಾಲು ಬೆಳೆಯುತ್ತದೆ. ಜ್ಞಾನಸ್ನಾನದ ಪ್ರಮಾಣಪತ್ರ ಕೇಳುವವರಿಗಿಂತ ಶುಲ್ಕ ರಿಯಾಯಿತಿಗೆ ಶಿಫಾರಸು ಪತ್ರ ಕೇಳುವವರೇ ಹೆಚ್ಚು. "ಈ ಕುಟುಂಬವು ಕಡುಬಡತನದಲ್ಲಿದೆ" ಎಂದು ಬರೆದು ಮುದ್ರೆ ಒತ್ತುವ ಕೆಲಸವನ್ನು ನಾವು ಎಷ್ಟು ವರ್ಷಗಳಿಂದ ಮಾಡುತ್ತ ಬಂದಿದ್ದೇವೆಂಬುದನ್ನು ಲೆಕ್ಕ ಹಾಕಿಲ್ಲ. ಕಳೆದ ಜೂನ್‌ನಲ್ಲಿ ಸೊರಬದ ಕಡೆಯ ಹಳ್ಳಿಯೊಂದರಿಂದ ತಾಯಿ ಮಗ ಇಬ್ಬರು ಬಂದರು. ತಾಯಿ ಕಂಡವರ ಅಡಿಕೆ ತೋಟದಲ್ಲಿ ಕೂಲಿ. ಮಗ ಪಿ.ಯು.ಸಿ.ಯಲ್ಲಿ ತೇರ್ಗಡೆಯಾಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಲಿದ್ದ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವರಲ್ಲಿ ಅವನೇ ಮೊದಲಿಗ. ಸಂತ ವಿನ್ಸೆಂಟ್ ಡಿ ಪಾವ್ಲ್ ಸಂಘದ ಪೆಟ್ಟಿಗೆಯಿಂದ ಹಣ ತೆಗೆದು ಅವನ ಶುಲ್ಕವನ್ನು ಕಟ್ಟಿಸಿದೆವು. ಅಂದು ರಾತ್ರಿ ಒಂದು ಒಳ್ಳೆಯ ಕಾರ್ಯ ಮಾಡಿದ ತೃಪ್ತಿಯಿಂದ ಮಲಗಿದೆವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ನವೆಂಬರ್ ಬಂದಾಗ ಆ ತಾಯಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬಳೇ ನಿಂತಿದ್ದಳು. ಮಗ ಮೂರು ವಾರಗಳಿಂದ ಕಾಲೇಜಿಗೆ ಹೋಗಿಲ್ಲ. ಅಡಿಕೆ ಕೊಯ್ಲು ಆರಂಭವಾಗಿದೆ. ಹಗಲು ಕೊನೆ ಹೊರುವ ಕೆಲಸ, ಇರುಳು ಸುಲಿಯುವ ಕೆಲಸ. ಹುಡುಗನನ್ನು ಕರೆಸಿ ಕೇಳಿದಾಗ ಅವನು ತಲೆ ತಗ್ಗಿಸಿ, "ನೀವು ಫೀಸು ಕಟ್ಟಿದ್ರಿ ಫಾದರ್, ಅದಕ್ಕೇ ಮುಖ ತೋರ್ಸೋಕೆ ನಾಚಿಕೆ ಆಯ್ತು" ಎಂದ. ಶುಲ್ಕ ಪಾವತಿಯಾಗಿತ್ತು. ಓದು ನಿಂತಿತ್ತು.

ಈ ಲೇಖನ ಬರೆಯಲು ಅದೇ ಕಾರಣ. ಪದವಿ ಶಿಕ್ಷಣವನ್ನು ಸರ್ಕಾರ ಸಂಪೂರ್ಣ ಉಚಿತಗೊಳಿಸಬೇಕೇ ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಏಳುತ್ತದೆ. ಅಮೆರಿಕದಲ್ಲಿ ಊರಿಗೆ ಹತ್ತಿರವಾದ, ಹೆಚ್ಚು ಅಂಕ ಕೇಳದ, ಅಲ್ಪ ವೆಚ್ಚದ ಎರಡು ವರ್ಷಗಳ ಕಾಲೇಜುಗಳಿಗೆ ಸಮುದಾಯ ಕಾಲೇಜುಗಳೆಂದು ಹೆಸರು. ಅವುಗಳ ಶುಲ್ಕವನ್ನು ಸರ್ಕಾರ ಭರಿಸಬೇಕೆಂಬ ಚರ್ಚೆ ಅಲ್ಲಿ ಹತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದಿದೆ. ಹೆಸರು ಬೇರೆಯಾದರೂ ಶಿಕಾರಿಪುರ, ಸೊರಬಗಳಂಥ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಮಾಡುತ್ತಿರುವ ಕೆಲಸವೂ ಬಹುಮಟ್ಟಿಗೆ ಅದೇ. ಶಿವಮೊಗ್ಗಕ್ಕೋ ಮಂಗಳೂರಿಗೋ ಮಕ್ಕಳನ್ನು ಕಳುಹಿಸಬಲ್ಲವರು ಕಳುಹಿಸುತ್ತಾರೆ. ಉಳಿದವರಿಗೆ ಇರುವುದು ಈ ಕಾಲೇಜು.

ಈಗಿನ ಸ್ಥಿತಿ ಹೇಗಿದೆ? ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಹಾಗೂ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಕುಟುಂಬದ ಆದಾಯದ ಮಿತಿಗೊಳಪಟ್ಟು ವಿದ್ಯಾರ್ಥಿವೇತನವೋ ಶುಲ್ಕ ಮರುಪಾವತಿಯೋ ದೊರೆಯುತ್ತದೆ. (ಕ್ರೈಸ್ತರಾದ ಪರಿಶಿಷ್ಟರು 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ಪರಿಶಿಷ್ಟರೆನಿಸಿಕೊಳ್ಳದೆ, ಕರ್ನಾಟಕದಲ್ಲಿ ಪ್ರವರ್ಗ ಒಂದರಲ್ಲಿ ನಿಂತಿದ್ದಾರೆ. ಅದರ ನೋವು ಬೇರೆಯದೇ ಒಂದು ಲೇಖನಕ್ಕೆ ವಸ್ತು.) ಉಳಿದವರು ಕಟ್ಟುವ ಸರ್ಕಾರಿ ಶುಲ್ಕವೂ ಖಾಸಗಿ ಕಾಲೇಜಿನ ಶುಲ್ಕದ ಪಕ್ಕದಲ್ಲಿಟ್ಟರೆ ಅಲ್ಪವೇ. ಆದುದರಿಂದ ಶುಲ್ಕವನ್ನು ಪೂರ್ತಿ ರದ್ದುಗೊಳಿಸಿದರೂ ಬೊಕ್ಕಸಕ್ಕೆ ಬೀಳುವ ಹೊರೆ ನಾವು ಅಂಜುವಷ್ಟು ದೊಡ್ಡದಲ್ಲ.

ಕಾನೂನಿನ ದೃಷ್ಟಿಯಿಂದ ಈ ಪ್ರಶ್ನೆ ದೇಶದಲ್ಲೆಲ್ಲ ಚರ್ಚೆಗೆ ಬಂದದ್ದು ನಮ್ಮ ರಾಜ್ಯದ ಮೊಕದ್ದಮೆಯೊಂದರಿಂದ ಎಂಬುದನ್ನು ಇಂದಿನ ಯುವಜನರು ಅರಿಯರು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ನಿಗದಿಯಾಗಿದ್ದ ಕಾಲವದು. ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಣ ಆ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಲ್ಲ ಹಂತಗಳ ಶಿಕ್ಷಣವೂ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ತೀರ್ಪಿತ್ತಿತು. ಮರುವರ್ಷವೇ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ಮಾತನ್ನು ಮಿತಗೊಳಿಸಿ, 14 ವರ್ಷದವರೆಗೆ ಅದು ಹಕ್ಕು, ಅನಂತರದ್ದು ರಾಜ್ಯದ ಆರ್ಥಿಕ ಶಕ್ತಿಗನುಸಾರ ಎಂದಿತು. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ ಬಂದಾಗಲೂ ಗೆರೆ ಉಳಿದದ್ದು ಅದೇ 14ರಲ್ಲಿ. ಹೀಗಾಗಿ ಹದಿನೆಂಟರ ಹುಡುಗನಿಗೆ ಕಾಲೇಜಿನ ವಿಷಯದಲ್ಲಿ ಅಂಥ ಹಕ್ಕಿಲ್ಲ. ಇರುವುದು ಸರ್ಕಾರದ ಶಕ್ತಿ ಮತ್ತು ಮನಸ್ಸು.

ಉಚಿತ ಶಿಕ್ಷಣವನ್ನು ವಿರೋಧಿಸುವವರ ಮಾತುಗಳನ್ನು ತಳ್ಳಿಹಾಕುವುದು ಸರಿಯಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಮಾತನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಾಯಿಯ ಹಾಲೂ ಪುಕ್ಕಟೆಯೇ. ಆದರೆ ಇನ್ನೊಂದು ಆಕ್ಷೇಪಣೆ ತೂಕವುಳ್ಳದ್ದು. ಸೋಪು ಕೊಳ್ಳುವ, ಎಣ್ಣೆ ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟುತ್ತಾಳೆ. ಅವಳ ಮಗ ಹತ್ತನೆಯ ತರಗತಿಗೇ ಶಾಲೆ ಬಿಟ್ಟಿದ್ದಾನೆ. ಹತ್ತು ಎಕರೆ ತೋಟವುಳ್ಳವನ ಮಗ ಬಿ.ಕಾಂ. ಓದುತ್ತಾನೆ. ಕಾಲೇಜು ಎಲ್ಲರಿಗೂ ಉಚಿತವಾದರೆ, ಅವಳ ದುಡ್ಡಿನಲ್ಲಿ ಇವನು ಓದಿದಂತಾಗುವುದಿಲ್ಲವೇ? ಇದು ನ್ಯಾಯವೇ?

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಸಂತ ತೋಮಸ್ ಅಕ್ವಿನಾಸರ ನ್ಯಾಯವಿಚಾರವನ್ನು ಬಾಯಿಪಾಠ ಮಾಡಿದ್ದೆವು. ಅರಿಸ್ಟಾಟಲನನ್ನು ಅನುಸರಿಸಿ ಅವರು ಎರಡು ಬಗೆಯ ನ್ಯಾಯವನ್ನು ಬೇರ್ಪಡಿಸುತ್ತಾರೆ. ಕೊಡುಕೊಳ್ಳುವಿಕೆಯ ನ್ಯಾಯದಲ್ಲಿ ಸೇರಿಗೆ ಸೇರು ಸಮವಾಗಬೇಕು. ಸಮುದಾಯದ ಸೊತ್ತನ್ನು ಹಂಚುವ ನ್ಯಾಯದಲ್ಲಿ ಅಂಥ ಸಮತೆ ಸಲ್ಲದು; ಅಲ್ಲಿರುವುದು ಅನುಪಾತದ ಸಮತೆ. ಆದರೆ ಯಾವುದಕ್ಕೆ ಅನುಪಾತವಾಗಿ? ಆ ಹಿರಿಯರು ಮುಖ್ಯವಾಗಿ ಹೇಳಿದ್ದು ಸಮುದಾಯದಲ್ಲಿ ವ್ಯಕ್ತಿಯ ಸ್ಥಾನವನ್ನು, ಯೋಗ್ಯತೆಯನ್ನು. ಶುಭಸಂದೇಶದ ದ್ರಾಕ್ಷಿತೋಟದ ಯಜಮಾನ ಬೇರೆಯೇ ಅಳತೆಗೋಲು ಹಿಡಿಯುತ್ತಾನೆ. ಸಂಜೆ ಐದಕ್ಕೆ ಬಂದ ಕೂಲಿಗೂ ಅವನು ಇಡೀ ದಿನದ ಕೂಲಿಯನ್ನೇ ಕೊಡುತ್ತಾನೆ. ಏಕೆಂದರೆ ಆ ಕೂಲಿಯ ಮನೆಯಲ್ಲಿ ಹಸಿದವರಿಗೆ ಬೇಕಾದದ್ದು ಒಂದು ಗಂಟೆಯ ಅನ್ನವಲ್ಲ, ಒಂದು ದಿನದ ಅನ್ನ. ಈ ಸಾಮತಿಯನ್ನು ಆಯವ್ಯಯ ಪತ್ರವನ್ನಾಗಿ ಮಾಡಲಾಗದೆಂಬುದು ನಮಗೆ ತಿಳಿದಿದೆ. ಆದರೂ ಅಳತೆಗೋಲು ಅಗತ್ಯವಾದರೆ, ಮೊದಲು ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ: ಈ ವಿದ್ಯಾರ್ಥಿಯನ್ನು ಕಾಲೇಜಿನಿಂದ ದೂರ ತಳ್ಳುತ್ತಿರುವುದು ಯಾವುದು?

ಹಾಗೆ ಕೇಳಿದರೆ ಉತ್ತರ ಶುಲ್ಕವಲ್ಲ. ಹುಡುಗ ಸುಲಿಯುವ ಅಡಿಕೆಯ ಕೂಲಿ ನಿಂತರೆ ಮನೆಯ ಒಲೆ ಉರಿಯದೆಂಬುದು ಒಂದು, ಬಸ್ಸು ಇನ್ನೊಂದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿದೆ. ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಮಲೆನಾಡಿನ ಒಳಹಳ್ಳಿಗಳಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸು. ಅಲ್ಲಿ ಶಕ್ತಿಯೂ ಇಲ್ಲ, ಸಾರಿಗೆ ಸಂಸ್ಥೆಯ ವಿದ್ಯಾರ್ಥಿ ಪಾಸೂ ನಡೆಯದು.

ಅಮೆರಿಕದ ಟೆನೆಸಿ ರಾಜ್ಯದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ 2014ರಲ್ಲಿ ಶಾಸನ ಮಾಡಿ, ಪ್ರೌಢಶಿಕ್ಷಣ ಮುಗಿಸಿದವರಿಗೆ ಸಮುದಾಯ ಕಾಲೇಜಿನ ಬೋಧನಾ ಶುಲ್ಕವನ್ನು ಸರ್ಕಾರವೇ ಭರಿಸುವ ಏರ್ಪಾಡು ಮಾಡಿದರು. ಬೇರೆ ಸಹಾಯಧನಗಳೆಲ್ಲ ಕಳೆದು ಉಳಿದ ಬಾಕಿಯನ್ನಷ್ಟೇ ಈ ಯೋಜನೆ ತುಂಬುತ್ತದೆ. ಪರಿಣಾಮವೇನೆಂದರೆ, ಕೇಂದ್ರ ಸರ್ಕಾರದ ಅನುದಾನದಿಂದಲೇ ಶುಲ್ಕ ಪೂರ್ತಿ ಸಂದಾಯವಾಗುವ ಕಡುಬಡವನಿಗೆ ಹೊಸ ಯೋಜನೆಯಿಂದ ಕೈಗೆ ಬರುವುದು ಬಹಳ ಕಡಿಮೆ. ಮಧ್ಯಮ ವರ್ಗದವನಿಗೆ ಹೆಚ್ಚು. ಆದರೂ ಆ ಯೋಜನೆಯಲ್ಲಿ ನಮಗೆ ಮೆಚ್ಚುಗೆಯಾದ ಅಂಶವೊಂದಿದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಊರಿನ ಹಿರಿಯರೊಬ್ಬರನ್ನು ಮಾರ್ಗದರ್ಶಕರನ್ನಾಗಿ ಗೊತ್ತುಪಡಿಸುತ್ತಾರೆ. ಹುಡುಗ ಮೂರು ವಾರ ಕಾಣಿಸದಿದ್ದರೆ ಕೇಳುವವರೊಬ್ಬರು ಇರುತ್ತಾರೆ. ನಮ್ಮ ಸಂಘದವರು ಶುಲ್ಕದ ರಶೀದಿಯನ್ನು ಕಡತದಲ್ಲಿ ಇಟ್ಟುಕೊಂಡರು, ಕೇಳಲಿಲ್ಲ. ನಾವೂ ಕೇಳಲಿಲ್ಲ. ಇಡೀ ದೇಶಕ್ಕೆ ಇಂಥದನ್ನು ವಿಸ್ತರಿಸಬೇಕೆಂಬ ಪ್ರಸ್ತಾಪವನ್ನು ಒಬಾಮ 2015ರಲ್ಲಿ ಮುಂದಿಟ್ಟರು. ಬೈಡನ್ ಕಾಲದಲ್ಲಿ ಮತ್ತೆ ಎದ್ದ ಆ ಮಾತನ್ನು 2021ರಲ್ಲಿ ಕೈಬಿಡಲಾಯಿತು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನೆರೆಯ ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ಪುದುಮೈ ಪೆಣ್ ಎಂಬ ಯೋಜನೆಯನ್ನು ತಂದು, ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ಓದು ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಕೊಡುತ್ತ ಬಂದಿದೆ. 2024ರಲ್ಲಿ ಗಂಡುಮಕ್ಕಳಿಗೂ ಅಂಥದೇ ಯೋಜನೆ ಬಂತು. ನಮ್ಮಲ್ಲಿಯೂ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ 2013ರಲ್ಲಿಯೇ ಆರಂಭವಾಯಿತು. ಇವೆರಡೂ ಗುರಿಯನ್ನು ಸರಿಯಾಗಿ ಗುರುತಿಸಿವೆಯೆಂದು ನಮ್ಮ ಅಭಿಪ್ರಾಯ. ಇವು ಹಣವನ್ನು ಕಾಲೇಜಿನ ಲೆಕ್ಕಕ್ಕೆ ಕಟ್ಟದೆ ವಿದ್ಯಾರ್ಥಿಯ ಕೈಗೆ ಕೊಡುತ್ತವೆ.

ಯುವನಿಧಿಯನ್ನು ಇದರ ಜೊತೆಗಿಟ್ಟು ನೋಡೋಣ. 2024ರ ಜನವರಿ 12ರಂದು ಈ ಯೋಜನೆಗೆ ಚಾಲನೆ ದೊರೆತದ್ದು ನಮ್ಮ ಜಿಲ್ಲಾ ಕೇಂದ್ರವಾದ ಶಿವಮೊಗ್ಗದಲ್ಲಿಯೇ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆಯದು. ಒಬ್ಬನಿಗೆ ಪೂರ್ತಿ ಸಂದರೆ 72,000 ರೂಪಾಯಿ. ಮೂರು ವರ್ಷದ ಪದವಿಗೆ ವರ್ಷಕ್ಕೆ ಹತ್ತು ತಿಂಗಳಂತೆ ಲೆಕ್ಕ ಹಿಡಿದರೆ, ಅದೇ ಮೊತ್ತ ಓದುವಾಗಲೇ ತಿಂಗಳಿಗೆ 2,400 ರೂಪಾಯಿಯಾಗುತ್ತದೆ. ನಿರುದ್ಯೋಗಿಗೆ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಅವನ ಮನೆಯಲ್ಲೂ ಒಲೆಯಿದೆ. ಆದರೆ ಅಡಿಕೆ ಸುಲಿಯುವ ನಮ್ಮ ಹುಡುಗ ಯುವನಿಧಿಯ ಬಾಗಿಲನ್ನು ಎಂದೂ ಮುಟ್ಟಲಾರ. ಅದಕ್ಕೆ ಪದವಿ ಬೇಕು.

ಹಾಗಾದರೆ ಉಳ್ಳವರ ಮಕ್ಕಳನ್ನು ಬಿಟ್ಟು ಬಡವರಿಗೆ ಮಾತ್ರ ಶುಲ್ಕ ಮಾಫಿ ಮಾಡಿದರೆ ಸಾಲದೇ? ತರ್ಕಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಬಡವನೆಂದು ಸಾಬೀತುಪಡಿಸುವ ಕೆಲಸ ಬಡವನ ಮೇಲೆಯೇ ಬೀಳುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಹೆಸರಿನ ಅಕ್ಷರ ತಪ್ಪಿದರೆ ಮತ್ತೆ ನಾಡಕಚೇರಿ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಇನ್ನೊಂದು ದಿನದ ಕೂಲಿ ನಷ್ಟ. ನಾವು ಬರೆಯುವ ಶಿಫಾರಸು ಪತ್ರವೂ ಅದೇ ಜಾತಿಯದು. ತಾಯಿಯ ಮುಂದೆ, ಮಗನ ಮುಂದೆ "ಕಡುಬಡವರು" ಎಂದು ಬರೆದು ಓದಿ ಹೇಳುವಾಗ ಆ ಮಗನ ಮುಖವನ್ನು ನಾವು ನೋಡಿದ್ದೇವೆ. ಸರ್ಕಾರಿ ಕಾಲೇಜಿನ ಬಾಗಿಲು ಎಲ್ಲರಿಗೂ ಶುಲ್ಕವಿಲ್ಲದೆ ತೆರೆದಿರಲಿ. ಹತ್ತು ಎಕರೆಯವನ ಮಗ ಅಲ್ಲಿಗೆ ಬಂದರೆ ಬರಲಿ, ಅವನ ತಂದೆಯಿಂದ ಬೇರೆ ತೆರಿಗೆಯ ದಾರಿಯಲ್ಲಿ ವಸೂಲು ಮಾಡಬಹುದು. ಊಟ, ವಸತಿ, ಬಸ್ಸಿನ ನೆರವು ಮಾತ್ರ ಅಗತ್ಯವನ್ನು ನೋಡಿ ಸಲ್ಲಲಿ. ನಮ್ಮ ನಿಲುವು ಇದು.

ಆದರೆ ಬಾಗಿಲು ತೆರೆದಿರುವ ಮನೆಯೊಳಗೆ ಯಾರಿದ್ದಾರೆ? ಇದು ನಮ್ಮನ್ನು ಬಹಳವಾಗಿ ಕಾಡುವ ಪ್ರಶ್ನೆ. ಇದಕ್ಕೆ ಶಿಕಾರಿಪುರ ತಾಲ್ಲೂಕಿನ ನೆಲವೇ ಸಾಕ್ಷಿ ಹೇಳುತ್ತದೆ.

ಬಳ್ಳಿಗಾವೆಯ ಕೇದಾರೇಶ್ವರ ದೇಗುಲವನ್ನು ನೋಡಲು ಹೋಗುವವರು ಕೆತ್ತನೆಯನ್ನು ಮೆಚ್ಚಿ ಮರಳುತ್ತಾರೆ. ಆ ದೇಗುಲದೊಡನೆ ಕೋಡಿಯ ಮಠವೆಂಬ ವಿದ್ಯಾಸ್ಥಾನವಿತ್ತು. ಹನ್ನೆರಡನೆಯ ಶತಮಾನದ ಅಲ್ಲಿಯ ಶಾಸನವೊಂದು ಆ ಮಠವನ್ನು ವರ್ಣಿಸುವ ಪರಿಯನ್ನು ಓದಿ ನಾವು ಬೆರಗಾದೆವು. ಅಲ್ಲಿ ವೇದಗಳ ಅಧ್ಯಯನ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ. ಅದೇ ಉಸಿರಿನಲ್ಲಿ ಶಾಸನ ಹೇಳುತ್ತದೆ: ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ, ನಾನಾ ಮತಗಳ ಸಂನ್ಯಾಸಿಗಳಿಗೆ ಅನ್ನ; ರೋಗಿಗಳಿಗೆ ಔಷಧ. ಅರಸರು ಇದಕ್ಕೆಂದು ದತ್ತಿ ಬಿಟ್ಟಿದ್ದರು. ಕಲಿಕೆಯನ್ನೂ ಅನ್ನವನ್ನೂ ಒಂದೇ ಸೂರಿನಡಿ ಇಟ್ಟ ಈ ವಿವೇಕ ಸಿದ್ಧಗಂಗೆಯಂಥ ಮಠಗಳ ದಾಸೋಹದಲ್ಲಿ ಇಂದಿಗೂ ಜೀವಂತವಾಗಿದೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1179ರಲ್ಲಿ, ರೋಮಿನಲ್ಲಿ ಮೂರನೆಯ ಲ್ಯಾಟರನ್ ಮಹಾಸಭೆ ಸೇರಿತ್ತು. ಪ್ರತಿಯೊಂದು ಪ್ರಧಾನಾಲಯದಲ್ಲಿಯೂ ಒಬ್ಬ ಗುರುವಿರಬೇಕು, ಅವನು ಬಡ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಕಲಿಸಬೇಕು ಎಂದು ಅದು ವಿಧಿಸಿತು. ಆದರೆ ಕಟ್ಟಳೆ ಅಲ್ಲಿಗೆ ನಿಲ್ಲಲಿಲ್ಲ. ಆ ಗುರುವಿನ ಜೀವನೋಪಾಯಕ್ಕೆ ಧರ್ಮಸಭೆಯ ಆದಾಯದಿಂದ ವೃತ್ತಿಯೊಂದನ್ನು ಗೊತ್ತುಮಾಡಬೇಕೆಂದೂ ವಿಧಿಸಿತು. ಶಿಷ್ಯನ ಶುಲ್ಕವನ್ನು ಬಿಡಬೇಕಾದರೆ ಮೊದಲು ಗುರುವಿನ ಅನ್ನ ಭದ್ರವಾಗಬೇಕೆಂಬುದನ್ನು ಅಂದಿನ ಧರ್ಮಾಧ್ಯಕ್ಷರು ಅರಿತಿದ್ದರು. ಅರಿತೂ ಪಾಲಿಸಲಿಲ್ಲವೆನ್ನುವುದು ಬೇರೆ ಮಾತು. 1215ರ ನಾಲ್ಕನೆಯ ಲ್ಯಾಟರನ್ ಸಭೆ, ಅನೇಕ ಕಡೆ ಈ ಕಟ್ಟಳೆ ಜಾರಿಗೆ ಬಂದಿಲ್ಲವೆಂದು ಒಪ್ಪಿಕೊಂಡು ಮತ್ತೊಮ್ಮೆ ಹೇಳಬೇಕಾಯಿತು. ಆದೇಶ ಹೊರಡಿಸಿ ಸುಮ್ಮನಾಗುವ ರೋಗ ಸರ್ಕಾರಗಳದು ಮಾತ್ರವಲ್ಲ.

ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂದು ಗುರುವಿನ ಅನ್ನದ ಸ್ಥಿತಿ ಏನು? ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಈ ಕಾಲೇಜುಗಳು ನಿಂತಿವೆ. 2022ರ ಜನವರಿಯವರೆಗೆ ಅವರಿಗೆ ಸಿಗುತ್ತಿದ್ದುದು ತಿಂಗಳಿಗೆ 11,000ದಿಂದ 13,000 ರೂಪಾಯಿ. ಆಗ ಅದನ್ನು 26,000ದಿಂದ 32,000ದವರೆಗೆ ಏರಿಸಲಾಯಿತು. ಏರಿಕೆಯ ಜೊತೆಗೆ ವಾರದ ಪಾಠದ ಅವಧಿಯೂ ಹೆಚ್ಚಿದ್ದರಿಂದ ಕೆಲವರ ಕೆಲಸಕ್ಕೇ ಕುತ್ತು ಬಂತು. 2023ರ ಕೊನೆಯಲ್ಲಿ ಅವರು ಸೇವಾಭದ್ರತೆ ಕೇಳಿ ತರಗತಿಗಳನ್ನು ಬಿಟ್ಟು, ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಆ ವಾರಗಳಲ್ಲಿ ಶುಲ್ಕ ಕಟ್ಟಿದವರಿಗೂ ಕಟ್ಟದವರಿಗೂ ಪಾಠ ಸಮನಾಗಿ ತಪ್ಪಿತು. ಇದರ ನಡುವೆ 2021ರಲ್ಲಿ ನಾಲ್ಕು ವರ್ಷಗಳ ಪದವಿಯ ಏರ್ಪಾಡು ಬಂದು 2024ರಲ್ಲಿ ಮತ್ತೆ ಮೂರಕ್ಕೆ ಮರಳಿದ್ದೂ ನಡೆಯಿತು. ಪಠ್ಯ ಬದಲಾದಾಗಲೆಲ್ಲ ಹೊಸದನ್ನು ಅಣಿಗೊಳಿಸಬೇಕಾದವರಲ್ಲಿ ಮುಂದಿನ ವರ್ಷ ತಾವಿರುತ್ತೇವೆಯೋ ಇಲ್ಲವೋ ಅರಿಯದ ಈ ಉಪನ್ಯಾಸಕರೇ ಬಹುಮಂದಿ.

ತಾಳಗುಂದವೂ ಇದೇ ತಾಲ್ಲೂಕಿನ ಊರು. ಅಲ್ಲಿಯ ಸ್ತಂಭ ಶಾಸನ ಹೇಳುವಂತೆ ಮಯೂರಶರ್ಮನು ಗುರು ವೀರಶರ್ಮನೊಡನೆ ಉನ್ನತ ವಿದ್ಯೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ. ಓದಿಗೆಂದು ದೂರ ಹೋಗಿ ಅವಮಾನಿತರಾಗಿ ಮರಳುವ ನಮ್ಮ ಮಕ್ಕಳೆಲ್ಲ ರಾಜ್ಯ ಕಟ್ಟುವುದಿಲ್ಲ. ಹೆಚ್ಚಿನವರು ಶುಂಠಿ ಹೊಲಕ್ಕೋ, ಬೆಂಗಳೂರಿನ ಗೋದಾಮಿಗೋ ಹೋಗುತ್ತಾರೆ.

ಸರ್ಕಾರದ ಕಡೆಗೆ ಬೆರಳು ತೋರುವಾಗ ನಮ್ಮ ಮನೆಯ ಮಾತನ್ನು ಮುಚ್ಚಿಡುವುದು ಧರ್ಮವಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ, ಪ್ರತಿಭೆಯಿದ್ದೂ ಹಣವಿಲ್ಲದ ಯುವಜನರಿಗೆ ಕಥೋಲಿಕ ಉನ್ನತ ವಿದ್ಯಾಸಂಸ್ಥೆಗಳ ಪ್ರವೇಶ ಸುಲಭವಾಗಬೇಕೆಂದು ಸ್ಪಷ್ಟವಾಗಿ ಹೇಳಿದೆ. ಹೊಸದಾಗಿ ಸ್ವಾತಂತ್ರ್ಯ ಪಡೆದ ರಾಷ್ಟ್ರಗಳ ಯುವಜನರನ್ನು ವಿಶೇಷವಾಗಿ ನೆನೆದಿದೆ. ಅಂದರೆ ನಮ್ಮನ್ನು. ತಮಿಳುನಾಡಿನಲ್ಲಿ ತೊಂಬತ್ತರ ದಶಕದಿಂದ ಯೇಸುಸಭೆಯ ಗುರುಗಳು, ಕಾಲೇಜು ತಲುಪದ ಯುವಜನರಿಗೆ ಕಸುಬು ಕಲಿಸುವ ಸಮುದಾಯ ಕಾಲೇಜುಗಳನ್ನು ಬೆಳೆಸಿದರು. 2013ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಅಂಥ ಕಾಲೇಜುಗಳಿಗೆ ಯೋಜನೆ ರೂಪಿಸಿತು. ಕರ್ನಾಟಕದಲ್ಲಿ ನಾವು ಕಟ್ಟಿದ ಹಲವು ಸಂಸ್ಥೆಗಳು ಒಳ್ಳೆಯ ಹೆಸರು ಗಳಿಸಿವೆ. ಆ ಹೆಸರಿನೊಂದಿಗೆ ಶುಲ್ಕವೂ ಏರಿದೆ. ಅನುದಾನಿತ ಹುದ್ದೆಗಳು ಖಾಲಿ ಬಿದ್ದಾಗ ಶುಲ್ಕವಿಲ್ಲದೆ ನಡೆಸುವುದೆಂತು ಎಂದು ಅವುಗಳ ಮುಖ್ಯಸ್ಥರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದೇ. ಆದರೂ ಸೊರಬದ ಕೂಲಿಯ ಮಗ ನಮ್ಮ ಪಟ್ಟಣದ ಕಾಲೇಜುಗಳ ಗೇಟಿನವರೆಗೂ ಹೋಗಲು ಯೋಚಿಸುವುದಿಲ್ಲವೆಂದರೆ, ಸರ್ಕಾರವು ಉಚಿತವಾಗಿ ಕೊಡಬೇಕೆಂದು ನಾವು ಗಟ್ಟಿಯಾಗಿ ಕೇಳುವ ಧ್ವನಿ ಸ್ವಲ್ಪ ತಗ್ಗಬೇಕಾಗುತ್ತದೆ.

ಆ ಹುಡುಗನ ವಿಷಯಕ್ಕೆ ಬರೋಣ. ಪರೀಕ್ಷೆಗೆ ಕೂರಬೇಕಾದರೆ ಶೇಕಡ 75ರಷ್ಟು ಹಾಜರಾತಿ ಬೇಕು. ಇನ್ನೂ ಎರಡು ವಾರ ತಪ್ಪಿದರೆ ಈ ಸೆಮಿಸ್ಟರ್ ಕೈಬಿಟ್ಟಂತೆಯೇ ಎಂದು ಅವನ ಅಧ್ಯಾಪಕರೊಬ್ಬರು ತಿಳಿಸಿದರು; ಅವರೂ ಅತಿಥಿ ಉಪನ್ಯಾಸಕರೇ. ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದೆ ನಾವು ಎರಡು ವಿಷಯಗಳನ್ನು ಇಟ್ಟಿದ್ದೇವೆ. ಮೊದಲನೆಯದು, ಶುಲ್ಕದ ನಿಧಿಯನ್ನು ಬಸ್ಸು ಮತ್ತು ಊಟದ ನಿಧಿಯನ್ನಾಗಿ ಮಾರ್ಪಡಿಸುವುದು. ಕೊಯ್ಲಿನ ಮೂರು ತಿಂಗಳು ಇಂಥ ಮನೆಗಳಿಗೆ ಅಕ್ಕಿ ಒದಗಿಸುವುದು ಎರಡನೆಯದು. ಮಂಡಳಿಯ ಹಿರಿಯರೊಬ್ಬರು, "ಎಷ್ಟು ಮನೆಗಳಿಗೆ ಫಾದರ್, ಎಷ್ಟು ವರ್ಷ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಸಭೆ ಮತ್ತೆ ಸೇರಲಿದೆ. ಹುಡುಗನನ್ನೂ ಬರಹೇಳಿದ್ದೇವೆ. ಆ ದಿನವೂ ತೋಟದಲ್ಲಿ ಕೊನೆ ಇಳಿಸುವುದಿದೆಯಂತೆ. ಬೇಗ ಮುಗಿದರೆ ಬರುತ್ತೇನೆ ಎಂದಿದ್ದಾನೆ.